ಡಾಟ್ ಆಂಟಿಯ ಶನಿವಾರ

ಆ ದಿನಗಳಲ್ಲಿ ನಮ್ಮ ಮನೆಗೆ ಊರ ಸುದ್ದಿ ಬರುತ್ತಿದ್ದದ್ದು ಬೇಲಿಯ ಮೇಲಿನಿಂದ. ಫೋನು ಇರಲಿಲ್ಲವೆಂದಲ್ಲ. ವಾಟ್ಸಾಪ್ ಆಗಲೇ ಬಂದಿತ್ತು, ಅಮ್ಮನ ಕೈಗೂ ಅಂಟಿಕೊಂಡಿತ್ತು. ಆದರೆ ಅದರಲ್ಲಿ ಬರುತ್ತಿದ್ದದ್ದು ಮೈಸೂರಿನ ಸುದ್ದಿ: ಯಾರಿಗೆ ಮದುವೆ ಗೊತ್ತಾಯಿತು, ಯಾರ ಮಂಡಿಗೆ ಆಪರೇಷನ್ ಆಯಿತು. ಪರ್ತ್‌ನ ಮೋರ್ಲಿಯಲ್ಲಿ, ನಾವೇ ಇದ್ದ ಬೀದಿಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಪಕ್ಕದ ಮನೆಯ ಡಾಟ್ ಆಂಟಿಯೇ ಬಂದು ಹೇಳಬೇಕಿತ್ತು.

ಕೌನ್ಸಿಲ್‌ನವರು, ಅಂದರೆ ಅಲ್ಲಿನ ನಗರಸಭೆಯವರು, ನಿವಾಸಿಗಳಿಗೆಂದು ಒಂದು ಸುದ್ದಿಪತ್ರ ಹಾಕಿಸುತ್ತಿದ್ದರು. ಎಲ್ಲ ಮನೆಗಳ ಅಂಚೆ ಡಬ್ಬಕ್ಕೂ ಬೀಳುತ್ತಿತ್ತು, ನಮ್ಮದಕ್ಕೂ. ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆ ಬರುತ್ತಿದ್ದ ಅದನ್ನು ಅಮ್ಮ ಜಾಹೀರಾತೆಂದೇ ತಿಳಿದು, ಅದರ ಮೇಲೆ ಕರಿಬೇವು ಒಣಹಾಕುತ್ತಿದ್ದರು. ಡಾಟ್ ಆಂಟಿ ಮಾತ್ರ ಅದನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಕನ್ನಡಕ ಹಣೆಗೇರಿಸಿಕೊಂಡು ಬೇಲಿಯ ಹತ್ತಿರ ಬಂದು ಕೂಗುತ್ತಿದ್ದರು. ಅವರು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಅದನ್ನು ಅಮ್ಮ ಅಡುಗೆಮನೆಯಲ್ಲಿ ನಿಂತು ಅಪ್ಪನಿಗೆ ಮತ್ತೆ ಹೇಳುತ್ತಿದ್ದ ಕನ್ನಡದಲ್ಲಿ.

"ಈ ವಾರ ಹಳದಿ ಮುಚ್ಚಳದ ಕಸದ ಬಿನ್ನಂತೆ. ಹಳೇ ಸೋಫಾ ಹೊರಗಿಡೋದು ಮುಂದಿನ ತಿಂಗಳಂತೆ. ಮತ್ತೆ ನೀವು ನಿನ್ನೆ ಗಿಡಕ್ಕೆ ಸ್ಪ್ರಿಂಕ್ಲರ್ ಬಿಟ್ರಲ್ಲ, ನಮ್ಮನೆ ನಂಬರಿಗೆ ನಿನ್ನೆ ನೀರು ಬಿಡೋ ದಿನ ಅಲ್ವಂತೆ. ಅವರೇ ಬಂದು ನಲ್ಲಿ ನಿಲ್ಲಿಸಿದ್ರಂತೆ."

"ನಮ್ಮನೆ ನಲ್ಲಿ ಅವರ‍್ಯಾಕೆ ನಿಲ್ಲಿಸ್ತಾರೆ?" ಅಪ್ಪ ಗೊಣಗುತ್ತಿದ್ದರು.

"ದಂಡ ಬೀಳ್ದೆ ಇರ್ಲಿ ಅಂತ ನಿಲ್ಸಿದ್ದಾರೆ ಕಣ್ರೀ. ಪುಣ್ಯಾತ್ಗಿತ್ತಿ."

ಬಿನ್ನಿನ ಸುದ್ದಿ ನಮಗೆ, ಅಂದರೆ ನನಗೂ ನನ್ನ ತಮ್ಮನಿಗೂ ಬೀದಿಯ ಉಳಿದ ಮಕ್ಕಳಿಗೂ, ಬಹಳ ಮುಖ್ಯವಾಗಿತ್ತು. ನಮ್ಮ ಕ್ರಿಕೆಟ್ಟಿಗೆ ವಿಕೆಟ್ ಎಂದರೆ ಬಿನ್ನು. ಹಳದಿ ಮುಚ್ಚಳದ್ದು ಹೊರಗೆ ಬರುವ ವಾರವಾದರೆ ಎರಡೂ ಕಡೆ ವಿಕೆಟ್ ಇಡಬಹುದಿತ್ತು. ಚೆಂಡು ಡಾಟ್ ಆಂಟಿಯ ನಿಂಬೆಗಿಡದೊಳಗೆ ಹೋದರೆ ಔಟ್. ಅದನ್ನು ತರಲು ಹೋದವರಿಗೆ ಅವರ ಕೈಯಿಂದ ಒಂದು ಬಿಸ್ಕತ್ತು ಗ್ಯಾರಂಟಿ. ಅದಕ್ಕಾಗಿಯೇ ನನ್ನ ತಮ್ಮ ಎಷ್ಟು ಸಲ ಬೇಕೆಂದೇ ಔಟಾಗಿದ್ದಾನೋ.

ನಮಗೆ ಶನಿವಾರ ಬೆಳಿಗ್ಗೆ ಮಾತ್ರ ಆಟವಿರಲಿಲ್ಲ. ಆಗ ಕನ್ನಡ ಕ್ಲಾಸು. ಮೈಸೂರಿನಲ್ಲಿ ಟೀಚರ್ ಆಗಿದ್ದು, ಇಲ್ಲಿಗೆ ಬಂದ ಮೇಲೆ ವೃದ್ಧಾಶ್ರಮದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ಸುಮಾ ಆಂಟಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಪಾಠ ಹೇಳುತ್ತಿದ್ದರು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ವಾಸನೆ, ಹಳೆಯ ಟೈರಿನ ವಾಸನೆ, ಒಳಗಿನಿಂದ ತೇಲಿಬರುವ ಚಿತ್ರಾನ್ನದ ಒಗ್ಗರಣೆ, ಇವೆಲ್ಲದರ ನಡುವೆ ನಾವು ಒತ್ತಕ್ಷರ ಕಲಿತೆವು. ಇಂದಿಗೂ 'ಕ್ಷ' ಬರೆಯುವಾಗ ನನಗೆ ಒಂದಿಷ್ಟು ಪೆಟ್ರೋಲ್ ವಾಸನೆ ಬರುತ್ತದೆ. ಬೇಸಿಗೆ ಬಂತೆಂದರೆ ತಗಡಿನ ಬಾಗಿಲು ಕಾದು ಗ್ಯಾರೇಜು ಒಲೆಯ ಹಾಗಾಗುತ್ತಿತ್ತು. ಚಿಕ್ಕ ಮಕ್ಕಳು ಅಳುತ್ತಿದ್ದರು, ದೊಡ್ಡವರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಒಮ್ಮೆ ಒಬ್ಬ ಪುಟ್ಟ ಹುಡುಗಿ ಸೆಕೆಗೆ ತಲೆ ಸುತ್ತಿ ಬಿದ್ದಾಗ, ಹೀಗೇ ಆದರೆ ಕ್ಲಾಸು ನಿಲ್ಲಿಸುವುದೇ ಸರಿ ಎಂದು ಸುಮಾ ಆಂಟಿ ಹೇಳಿಬಿಟ್ಟರು.

ಈ ಸುದ್ದಿಯನ್ನು ಅಮ್ಮ ಬೇಲಿಯ ಹತ್ತಿರ ಹೇಳಿಕೊಂಡಿರಬೇಕು. ಎರಡು ದಿನದಲ್ಲಿ ಡಾಟ್ ಆಂಟಿ ಸುದ್ದಿಪತ್ರ ಹಿಡಿದು ನಮ್ಮ ಮನೆಯ ಬಾಗಿಲಿಗೇ ಬಂದರು. ಶಾಪಿಂಗ್ ಸೆಂಟರಿನ ಹಿಂದಿನ ಬೀದಿಯಲ್ಲಿ ಕೌನ್ಸಿಲ್‌ನ ಒಂದು ಚಿಕ್ಕ ಹಾಲ್ ಇತ್ತು. ಮುಂದಿನ ವರ್ಷಕ್ಕೆ ಅದನ್ನು ಯಾರ‍್ಯಾರಿಗೆ ಯಾವ ಹೊತ್ತಿಗೆ ಕೊಡಬೇಕೆಂದು ಕೌನ್ಸಿಲ್ ತೀರ್ಮಾನಿಸಲಿದೆ, ಬೇಕಾದವರು ಅರ್ಜಿ ಹಾಕಬಹುದು, ನಿವಾಸಿಗಳು ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು ಎಂದು ಅದರಲ್ಲಿ ಬಂದಿತ್ತು.

"ಶನಿವಾರ ಬೆಳಿಗ್ಗೆ ನಮ್ಮ ಬೌಲ್ಸ್ ಇರುತ್ತೆ," ಎಂದರು ಡಾಟ್ ಆಂಟಿ. "ಅರ್ವೋ ಪೂರ್ತಿ ಖಾಲಿ. ನೀವು ಕೇಳಿ, ಕೊಡ್ತಾರೆ. ಒಳ್ಳೇ ಏರ್‌ಕಂಡೀಷನರ್ ಇದೆ ಲವ್, ಮಕ್ಕಳು ಯಾಕೆ ಬೇಯಬೇಕು?"

ಅರ್ವೋ ಎಂದರೆ ಮಧ್ಯಾಹ್ನ, ಲವ್ ಎಂದರೆ ಅಕ್ಕರೆಯಿಂದ ಯಾರನ್ನಾದರೂ ಕರೆಯುವ ಮಾತು ಎಂದು ಆ ವೇಳೆಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೌಲ್ಸ್ ಏನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಉದ್ದನೆಯ ಹಸಿರು ಕಾರ್ಪೆಟ್ ಹಾಸಿ, ಭಾರದ ಚೆಂಡುಗಳನ್ನು ಮೆಲ್ಲಗೆ ಉರುಳಿಸಿ, ಚಿಕ್ಕದೊಂದು ಬಿಳಿ ಚೆಂಡಿನ ಹತ್ತಿರಕ್ಕೆ ಮುಟ್ಟಿಸುವ ವಯಸ್ಸಾದವರ ಆಟ. ಡಾಟ್ ಆಂಟಿ ಶನಿವಾರ ಬೆಳಿಗ್ಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಲೆನ್ ಎಂಬ ಅವರ ಹಳೆಯ ಸ್ನೇಹಿತರು ತಮ್ಮ ಬಿಳಿ ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು.

ಆ ಸಂಜೆ ಅಪ್ಪ ಅರ್ಜಿ ಬರೆಯಲು ಕೂತರು. ಕನ್ನಡ ಸಂಘದ ಅಧ್ಯಕ್ಷರಾಗಿದ್ದ ಪ್ರಕಾಶ್ ಅಂಕಲ್ ಪಕ್ಕದಲ್ಲಿದ್ದರು. ಅಮ್ಮ ಕಾಫಿ ತಂದಿಟ್ಟು, ಮಧ್ಯಾಹ್ನ ಎಂದು ಬರೆದಿರಾ ಎಂದು ಕೇಳಿದರು.

"ಇಲ್ಲ, ಬೆಳಿಗ್ಗೆಯಿಂದ ಅಂತ ಬರೀತಿದ್ದೀನಿ," ಎಂದರು ಅಪ್ಪ.

"ಬೆಳಿಗ್ಗೆ ಅವರದ್ದಿದೆಯಲ್ಲ ರೀ."

"ಗೊತ್ತು ಕಣೆ. ನಾವು ಮಧ್ಯಾಹ್ನ ಅಂತ ಕೇಳಿದ್ರೆ ಕೌನ್ಸಿಲ್‌ನವರು ಒಂದೇ ಗಂಟೆ ಹೊತ್ತು ಕೊಡ್ತಾರೆ. ಬೆಳಿಗ್ಗೆಯಿಂದ ಕೇಳಿದ್ರೆ, ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ ಪೂರ್ತಿ ತಗೊಳ್ಳಿ ಅಂತಾರೆ. ನೀನು ದೇವರಾಜ ಮಾರ್ಕೆಟ್ಟಲ್ಲಿ ಹೂವಿನವಳ ಹತ್ರ ಮಾಡ್ತಿರ್ಲಿಲ್ವಾ?"

"ಕರೆಕ್ಟ್," ಎಂದರು ಪ್ರಕಾಶ್ ಅಂಕಲ್. "ಅವರು ಇಳಿಸ್ತಾರೆ, ನಾವು ಏರಿಸಿಟ್ಟಿರಬೇಕು."

ಅಮ್ಮ ನಕ್ಕರು. ನಾನೂ ನಕ್ಕೆ. ಅದರಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಇದನ್ನು ನಾನು ಯಾರೆದುರು ಬೇಕಾದರೂ ಹೇಳಬಲ್ಲೆ. ಚೌಕಾಸಿ ಮಾಡದೆ ಏನನ್ನೂ ಕೊಂಡು ಗೊತ್ತಿಲ್ಲದ ಊರಿನವರು ನಾವು. ಚೌಕಾಸಿಯೆಂದರೆ ನಮಗೆ ಮೋಸವಲ್ಲ, ಮಾತುಕತೆ. ಆ ಕಡೆಯವರೂ ಮಾತಾಡುತ್ತಾರೆ ಎಂಬ ನಂಬಿಕೆಯ ಮೇಲೆ ನಡೆಯುವ ಮಾತುಕತೆ.

ಮರುದಿನ ಪ್ರಕಾಶ್ ಅಂಕಲ್ ಸಂಘದ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದರು. ಮನೆಯಲ್ಲಿ ಎಷ್ಟು ಜನರಿದ್ದೀರೋ ಅಷ್ಟೂ ಜನ ಬೇರೆಬೇರೆಯಾಗಿ ಕೌನ್ಸಿಲ್‌ಗೆ ಬರೆಯಿರಿ, ಶನಿವಾರ ಬೆಳಿಗ್ಗೆ ಕನ್ನಡ ಶಾಲೆಗೆ ಬೇಕು ಎನ್ನಿ, ಇದನ್ನು ಗೊತ್ತಿರುವವರಿಗೆಲ್ಲ ಕಳಿಸಿ. ನಮ್ಮವರಿಗೆ ಫಾರ್ವರ್ಡ್ ಮಾಡುವುದನ್ನು ಹೇಳಿಕೊಡಬೇಕೆ? ಮಕ್ಕಳಿದ್ದವರು ಬರೆದರು, ಮದುವೆಯೇ ಆಗದವರೂ ಬರೆದರು. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಿಂದ ಓದಲು ಬಂದು, ಒಂದೇ ಮನೆಯಲ್ಲಿ ಗುಂಪಾಗಿದ್ದುಕೊಂಡು ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಹುಡುಗರೂ ಬರೆದರು. ಅವರೂ ಇಲ್ಲಿನ ನಿವಾಸಿಗಳೇ, ಸುಳ್ಳೇನಿಲ್ಲ. ನಾನೂ ಬರೆದೆ. ಮೈಸೂರಿನ ಅಜ್ಜಿಯ ಜೊತೆ ಅವರ ಭಾಷೆಯಲ್ಲೇ ಮಾತಾಡಬೇಕು, ಆದರೆ ಗ್ಯಾರೇಜು ಬಹಳ ಬಿಸಿ ಎಂದು ಬರೆದೆ. ಅಪ್ಪ ಅದನ್ನೋದಿ ನನ್ನ ತಲೆ ಸವರಿದರು.

ಕ್ರಿಸ್‌ಮಸ್‌ಗೆ ಮೊದಲಿನ ಸುದ್ದಿಪತ್ರದಲ್ಲಿ ಫಲಿತಾಂಶ ಬಂತು. ತಂದುಕೊಟ್ಟವರು ಡಾಟ್ ಆಂಟಿಯೇ. ನಮ್ಮ ಶಾಲೆಯ ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಶನಿವಾರ ಬೆಳಿಗ್ಗೆ ಕನ್ನಡ ಶಾಲೆಗೆ. ಬೌಲ್ಸ್ ಗುಂಪಿಗೆ ಬುಧವಾರ ಸಂಜೆ. ಬಂದ ಅಭಿಪ್ರಾಯಗಳೆಲ್ಲವೂ ಶಾಲೆಯ ಪರವಾಗಿದ್ದವು ಎಂದು ಕೆಳಗೆ ಒಂದು ಸಾಲು ಇತ್ತು.

ಕೌನ್ಸಿಲ್ ಚೌಕಾಸಿ ಮಾಡಿರಲಿಲ್ಲ. ನಾವು ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟುಬಿಟ್ಟಿತ್ತು.

ಅಪ್ಪ ಕಾಗದವನ್ನು ಮತ್ತೆ ಮತ್ತೆ ಓದಿದರು. "ನಿಮ್ಮವರು ಯಾರೂ ಬರೀಲಿಲ್ವಾ?" ಎಂದು ಕೊನೆಗೆ ಕೇಳಿದರು.

"ನಮಗೆ ಬರೀಬೇಕು ಅಂತ ಅನ್ನಿಸಲಿಲ್ಲ. ನಮ್ಮ ಹೊತ್ತು ನಮಗೆ ಇದ್ದೇ ಇರುತ್ತೆ ಅಂದ್ಕೊಂಡಿದ್ವಿ," ಎಂದರು ಡಾಟ್ ಆಂಟಿ. ಆಮೇಲೆ, ಅಪ್ಪನನ್ನು ಸಮಾಧಾನಪಡಿಸುವವರ ಹಾಗೆ, "ನಾನು ಬರೆದಿದ್ದೆ. ನಿಮ್ಮ ಪರವಾಗಿ. ಒಳ್ಳೆಯ ಜನ, ಮಕ್ಕಳು ಸೆಕೆಯಲ್ಲಿ ಕೂತಿದ್ದಾರೆ, ಅವರಿಗೆ ಜಾಗ ಕೊಡಿ ಅಂತ," ಎಂದರು.

ಅಮ್ಮ ಅಲ್ಲಿಂದ ಎದ್ದು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಒಲೆ ಹಚ್ಚಿರಲಿಲ್ಲ, ನಲ್ಲಿ ಬಿಟ್ಟಿರಲಿಲ್ಲ, ಸುಮ್ಮನೆ ಕಟ್ಟೆ ಹಿಡಿದು ನಿಂತಿದ್ದರು. ಆಗ ನನಗೆ ಹತ್ತು ವರ್ಷ. ನಾವು ಗೆದ್ದಿದ್ದೇವಲ್ಲ, ಅಮ್ಮ ಯಾಕೆ ಹೀಗೆ ನಿಂತಿದ್ದಾರೆ ಎಂದು ಅರ್ಥವಾಗಲಿಲ್ಲ.

"ಅಮ್ಮ, ವಿ ವನ್, ರೈಟ್?" ಎಂದೆ.

"ಹೂಂ ಪುಟ್ಟಿ. ಗೆದ್ಬಿಟ್ವಿ," ಎಂದರು ಅಮ್ಮ.

ಡಾಟ್ ಆಂಟಿ ಹೋದ ಮೇಲೆ ಅಮ್ಮ ಅಪ್ಪನಿಗೆ ಒಂದೇ ಮಾತು ಹೇಳಿದರು: "ವಾಪಸ್ ಕೊಟ್ಬಿಡಿ ರೀ."

ಅಪ್ಪನಿಗೂ ಅದೇ ಮನಸ್ಸಿತ್ತು. ಆ ಭಾನುವಾರ ಪ್ರಕಾಶ್ ಅಂಕಲ್ ಮನೆಯ ಹಿತ್ತಲಿನಲ್ಲಿ ಎಲ್ಲರೂ ಬಾರ್ಬಿಗೆ, ಅಂದರೆ ಬಾರ್ಬೆಕ್ಯೂ ಊಟಕ್ಕೆ, ಸೇರಿದ್ದಾಗ, ಪನೀರು, ಜೋಳ ಸುಡುತ್ತಿದ್ದ ಹೊಗೆಯ ಪಕ್ಕದಲ್ಲಿ ನಿಂತು ವಿಷಯ ತೆಗೆದರು. ನಾವು ಮಧ್ಯಾಹ್ನಕ್ಕೆ ಹೋಗೋಣ, ಬೆಳಿಗ್ಗೆ ಅವರಿಗೇ ಇರಲಿ ಎಂದರು. ಯಾರೂ ಜಗಳವಾಡಲಿಲ್ಲ. ಜಗಳವಾಗಿದ್ದರೆ ಅಪ್ಪನಿಗೆ ಗಟ್ಟಿಯಾಗಿ ನಿಲ್ಲಲು ಆಗುತ್ತಿತ್ತೇನೋ. ಒಬ್ಬರ ಮಗಳಿಗೆ ಮಧ್ಯಾಹ್ನ ಭರತನಾಟ್ಯ. ಇನ್ನೊಬ್ಬರ ಮಗನಿಗೆ ಈಜು. ಸುಮಾ ಆಂಟಿ ತಲೆ ತಗ್ಗಿಸಿ, "ನಂಗೆ ಶನಿವಾರ ಮಧ್ಯಾಹ್ನ ಶಿಫ್ಟ್ ಇರತ್ತೆ. ಬಿಟ್ರೆ ಕೆಲಸಾನೇ ಹೋಗತ್ತೆ," ಎಂದರು. ಮಧ್ಯಾಹ್ನ ಸಿಕ್ಕಿದ್ದರೆ ಪಾಠ ಹೇಳುವವರೇ ಇರುತ್ತಿರಲಿಲ್ಲ. ಅರ್ಜಿ ಹಾಕುವಾಗಿನ ಗಲಾಟೆಯಲ್ಲಿ, ಮಧ್ಯಾಹ್ನ ನಿಮಗೆ ಆಗುತ್ತದೆಯೇ ಎಂದು ಯಾರೂ ಅವರನ್ನು ಕೇಳಿರಲಿಲ್ಲ.

"ಸಿಕ್ಕಿದ್ದನ್ನ ವಾಪಸ್ ಕೊಟ್ರೆ ಮುಂದೆ ನಮ್ಮ ಮಾತಿಗೆ ಬೆಲೆ ಇರಲ್ಲ ಕಣಯ್ಯ," ಎಂದು ಪ್ರಕಾಶ್ ಅಂಕಲ್ ಅಪ್ಪನ ಹೆಗಲ ಮೇಲೆ ಕೈ ಹಾಕಿದರು. "ಅವರಿಗೂ ಬುಧವಾರ ಕೊಟ್ಟಿದ್ದಾರಲ್ಲ."

ಅಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟು ಪನೀರು ತಿರುವಿಹಾಕತೊಡಗಿದರು. ನಾನು ಅವರ ಪಕ್ಕದಲ್ಲೇ ಜೋಳ ತಿನ್ನುತ್ತಾ ನಿಂತಿದ್ದೆ.

ಫೆಬ್ರವರಿಯ ಮೊದಲ ಶನಿವಾರ ಡಾಟ್ ಆಂಟಿ, ಲೆನ್ ಮತ್ತು ಅವರ ಕಡೆಯ ಒಂದಷ್ಟು ಮಂದಿ ಹಾಲಿನ ಗೋಡೆ ಬೀರುವಿನಿಂದ ತಮ್ಮ ಸಾಮಾನು ತೆಗೆದುಕೊಳ್ಳಲು ಬಂದರು. ನಮ್ಮ ಕಡೆಯ ಹೆಂಗಸರು ಬೆಳಗಿನ ಜಾವ ಎದ್ದು ಕೇಸರಿಬಾತು, ಉಪ್ಪಿಟ್ಟು, ಉದ್ದಿನವಡೆ ಮಾಡಿ ತಂದಿದ್ದರು. ನಮ್ಮವರಿಗೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಬಡಿಸಲು ಬರುತ್ತದೆ. ಸಾಕು ಸಾಕು ಎಂದರೂ ಬಿಡದೆ ಬಡಿಸಿದರು. ಲೆನ್ ಅವರ ತಟ್ಟೆಗೆ ಅಮ್ಮ ಎಷ್ಟು ಸಲ ಕೇಸರಿಬಾತು ಹಾಕಿದರೆಂದರೆ, ಅವರು ಕೊನೆಗೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತರು.

ಕಾರ್ಪೆಟ್ ಸುತ್ತುವ ಮೊದಲು ಡಾಟ್ ಆಂಟಿ ನಮ್ಮನ್ನೆಲ್ಲ ಕರೆದು ಒಂದೊಂದು ಸಲ ಚೆಂಡು ಉರುಳಿಸಲು ಬಿಟ್ಟರು. ಆ ಚೆಂಡು ನೇರ ಹೋಗುವುದಿಲ್ಲ, ಒಂದು ಕಡೆಗೆ ವಾಲುತ್ತದೆ. ನನ್ನದು ಬಿಳಿ ಚೆಂಡಿನ ಪಕ್ಕಕ್ಕೆ ಹೋಗಿ ನಿಂತಿತು. ಡಾಟ್ ಆಂಟಿ ಚಪ್ಪಾಳೆ ತಟ್ಟಿದರು.

"ನಿನ್ನ ಕೈ ಈ ಆಟಕ್ಕೆ ಚೆನ್ನಾಗಿದೆ ಲವ್. ಬುಧವಾರ ಬಾ, ಕಲಿಸ್ತೀನಿ," ಎಂದರು.

"ಅಮ್ಮ, ಕ್ಯಾನ್ ಐ?" ಎಂದೆ ನಾನು. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡು ತಟ್ಟೆ ಜೋಡಿಸತೊಡಗಿದರು.

ಬುಧವಾರ ಸಂಜೆ ನಾನು ಹೋಗಲಿಲ್ಲ. ಹೋಗಿದ್ದರೂ ಹೆಚ್ಚು ದಿನ ಕಲಿಯುತ್ತಿರಲಿಲ್ಲ. ಲೆನ್ ಅವರ ಕಣ್ಣಿಗೆ ಕತ್ತಲಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಉಳಿದವರೂ ಸಂಜೆಯಾದ ಮೇಲೆ ಕಾರು ತೆಗೆಯುವವರಲ್ಲ. ಬೇಸಿಗೆಯ ಬೆಳಕು ಇರುವವರೆಗೆ ಕೆಲವರು ಬಂದರು, ಆಮೇಲೆ ಹೊತ್ತು ಬೇಗ ಮುಳುಗತೊಡಗಿತು, ಚಳಿ ಬಂತು, ಗುಂಪು ನಿಂತಿತು. ಅಪ್ಪ ತಾವೇ ಕರೆದುಕೊಂಡು ಹೋಗುವೆನೆಂದು ಹೇಳಿದ್ದರು. ಅಪ್ಪನ ಆಫೀಸು ಬಿಡುವಷ್ಟರಲ್ಲಿ ಅವರ ಆಟ ಮುಗಿಯುವ ಹೊತ್ತಾಗುತ್ತಿತ್ತು. ಅದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ಆ ವರ್ಷದ ಶನಿವಾರಗಳು ನನಗೆ ಚೆನ್ನಾಗಿ ನೆನಪಿವೆ. ನಾವು ಪುಸ್ತಕದ ಚೀಲ, ನೀರಿನ ಬಾಟಲಿ ಹಿಡಿದು ಕಾರು ಹತ್ತುವ ಹೊತ್ತಿಗೆ ಡಾಟ್ ಆಂಟಿ ತಮ್ಮ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹೋಗುವುದಕ್ಕೆ ಎಲ್ಲೂ ಇಲ್ಲದಿದ್ದರೂ ಲಿಪ್‌ಸ್ಟಿಕ್ ಹಚ್ಚಿರುತ್ತಿದ್ದರು. ನಮ್ಮನ್ನು ನೋಡಿ ಕೈಬೀಸುತ್ತಿದ್ದರು. ನಾನೂ ತಮ್ಮನೂ ಬೀಸುತ್ತಿದ್ದೆವು. ಅಪ್ಪ ಆ ಕಡೆ ನೋಡದೆಯೇ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಒಮ್ಮೆ ಹಾಗೆ ನೋಡದೆ ತೆಗೆದು ನಮ್ಮದೇ ಬಿನ್ನಿಗೆ ಗುದ್ದಿದರು. ಡಾಟ್ ಆಂಟಿಯೇ ಎದ್ದು ಬಂದು ಅದನ್ನು ಎತ್ತಿ ನಿಲ್ಲಿಸಿದರು.

ಅವರು ಒಂದು ದಿನವೂ ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಸಲೀಸಾಗುತ್ತಿತ್ತು. ಅಮ್ಮ ವಾರವಾರ ಡಬ್ಬಿ ತುಂಬಿ ಕಳಿಸುತ್ತಿದ್ದರು, ನಾನೇ ಒಯ್ದು ಕೊಡುತ್ತಿದ್ದೆ. ನಮ್ಮವರು ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲವೆಂದು ಎಂದೋ ಅಮ್ಮನಿಂದ ಕೇಳಿ ತಿಳಿದುಕೊಂಡಿದ್ದ ಅವರು, ಡಬ್ಬಿಯಲ್ಲಿ ನಿಂಬೆಹಣ್ಣು ತುಂಬಿ ಕಳಿಸುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಲೆಕ್ಕವಿರಲಿಲ್ಲ. ಅಮ್ಮ ಹಾಕುತ್ತಲೇ ಇದ್ದರು, ತಿನ್ನುವವರು ಮಾತ್ರ ಕಡಿಮೆಯಾದರು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ.

ಸುದ್ದಿ ಹೇಳಲು ಬೇಲಿಯ ಹತ್ತಿರ ಬರುವುದೂ ನಿಧಾನವಾಗಿ ಕಡಿಮೆಯಾಯಿತು. ಸೊಂಟ ನೋವು ಎನ್ನುತ್ತಿದ್ದರು. ಸುಳ್ಳಿರಲಾರದು. ಆದರೆ ಮೊದಲು ವಾರಕ್ಕೊಮ್ಮೆಯಾದರೂ ನಿಂತು ಬಗ್ಗಿ ಚೆಂಡು ಉರುಳಿಸುತ್ತಿದ್ದವರು ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಿನ್ನು ಹೊರಗಿಡುವ ದಿನ ತಪ್ಪಿ ಹೋಗತೊಡಗಿತು. ಹಳೆಯ ಹಾಸಿಗೆ ಹೊರಗಿಡುವ ವಾರ ಗೊತ್ತಾಗದೆ ಅದು ಇನ್ನೊಂದು ವರ್ಷ ನಮ್ಮ ಗ್ಯಾರೇಜಿನಲ್ಲೇ ಉಳಿಯಿತು. ಅಮ್ಮ ಸುದ್ದಿಪತ್ರವನ್ನು ಕರಿಬೇವಿನ ಕೆಳಗಿಂದ ತೆಗೆದು ತಾವೇ ಓದಲು ಕಲಿತರು.

ಮುಂದಿನ ವರ್ಷ ಡಾಟ್ ಆಂಟಿಯ ಮಗ ಬಂದು ಅವರನ್ನು ತನ್ನ ಊರಿನ ಹತ್ತಿರದ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದ. ಹೋಗುವ ದಿನ ಅಪ್ಪ ಆಫೀಸಿಗೆ ರಜ ಹಾಕಿ ಅವರ ಪೆಟ್ಟಿಗೆಗಳನ್ನು ಕಾರಿಗೆ ಏರಿಸಿದರು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ, "ಡಾಟ್, ಆ ಹಾಲಿನ ವಿಷಯ..." ಎಂದು ಶುರುಮಾಡಿದರು.

"ಮಕ್ಕಳು ಚೆನ್ನಾಗಿ ಕಲೀತಿದ್ದಾರಲ್ಲ?" ಎಂದು ಕೇಳಿದರು ಡಾಟ್ ಆಂಟಿ.

"ಕಲೀತಿದ್ದಾರೆ."

"ಮತ್ತೆ ಇನ್ನೇನು," ಎಂದು ಅಪ್ಪನ ಕೆನ್ನೆ ತಟ್ಟಿ ಕಾರು ಹತ್ತಿದರು.

ಎರಡು ಚಳಿಗಾಲ ಕಳೆದ ಮೇಲೆ ಅವರು ತೀರಿಕೊಂಡರೆಂದು ಮಗ ಫೋನು ಮಾಡಿದ. ಅವರ ಮನೆ ಕೆಡವಿ ಅಲ್ಲಿ ಒತ್ತೊತ್ತಾಗಿ ಮೂರು ಮನೆ ಕಟ್ಟಿದರು. ನಿಂಬೆಗಿಡ ಹೋಯಿತು. ಬೇಲಿ ಎತ್ತರವಾಯಿತು. ಈಗ ಆ ಮನೆಗಳಲ್ಲಿರುವವರ ಹೆಸರು ಅಮ್ಮನಿಗೆ ಗೊತ್ತಿಲ್ಲ, ಅವರಿಗೂ ಅಮ್ಮನ ಹೆಸರು ಗೊತ್ತಿರಲಾರದು.

ಕನ್ನಡ ಶಾಲೆಯಾದರೂ ಉಳಿಯಿತೇ ಎಂದರೆ, ಅದೂ ಇಲ್ಲ. ನಮ್ಮ ವಯಸ್ಸಿನ ಮಕ್ಕಳು ಹೈಸ್ಕೂಲಿಗೆ ಬಂದರು, ಟ್ಯೂಷನ್ನು, ನೆಟ್‌ಬಾಲು ಶುರುವಾಯಿತು. ಸುಮಾ ಆಂಟಿ ಬ್ರಿಸ್ಬೇನ್‌ಗೆ, ಸನ್ನಿಬ್ಯಾಂಕ್‌ನಲ್ಲಿದ್ದ ಮಗಳ ಮನೆಗೆ ಹೋದರು. ಪಾಠ ಕೆಲವು ದಿನ ಕಂಪ್ಯೂಟರ್ ಪರದೆಯ ಮೇಲೆ ನಡೆದು, ಪರದೆಯ ಮೇಲೆಯೇ ನಿಂತುಹೋಯಿತು. ಅಷ್ಟು ಜನ ಸೇರಿ ಕೇಳಿ ಪಡೆದದ್ದನ್ನು ಬಿಟ್ಟುಕೊಡುವಾಗ ಒಬ್ಬರೂ ಕೌನ್ಸಿಲ್‌ಗೆ ಒಂದು ಸಾಲು ಬರೆಯಲಿಲ್ಲ.

ನಾನೀಗ ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ಮೋರ್ಲಿ ಬಿಟ್ಟರೂ ಅಲ್ಲಿನ ಕೌನ್ಸಿಲ್ ಸುದ್ದಿ ಇಂದಿಗೂ ನನ್ನ ಇಮೇಲಿಗೆ ಬರುತ್ತದೆ, ಬೇಡವೆನ್ನಲು ಮನಸ್ಸಾಗಿಲ್ಲ. ಹೋದ ತಿಂಗಳು ಬಂದದ್ದರಲ್ಲಿ ಹಾಲಿನ ವೇಳಾಪಟ್ಟಿ ಇತ್ತು. ಶನಿವಾರ ಬೆಳಿಗ್ಗೆ, ಖಾಲಿ. ಬಯಸುವ ನಿವಾಸಿಗಳು ಸಂಪರ್ಕಿಸಬಹುದು.

ಅಪ್ಪನಿಗೆ ಫೋನು ಮಾಡಿ ಹೇಳಿದೆ.

"ಅವತ್ತು ಏನು ಮಾಡ್ಬೇಕಾಗಿತ್ತು ಗೊತ್ತಾ ಪುಟ್ಟಿ?" ಎಂದರು. "ಅರ್ಜಿ ಬರೆಯೋಕ್ ಮುಂಚೆ ಪಕ್ಕದ್ಮನೆಗೆ ಹೋಗಿ, ಬೆಳಿಗ್ಗೆ ಬಿಟ್ರೆ ನಿಮಗೇನಾಗತ್ತೆ ಅಂತ ಒಂದು ಮಾತು ಕೇಳ್ಬೇಕಾಗಿತ್ತು. ಬೇಲಿ ಪಕ್ಕದಲ್ಲೇ ಇತ್ತು."

ಕೌನ್ಸಿಲ್‌ಗೆ ಹೋದ ಆ ಪತ್ರಗಳ ರಾಶಿಯಲ್ಲಿ ಅಪ್ಪನ ಅರ್ಜಿಯ ಜೊತೆ ನನ್ನ ಸಾಲುಗಳೂ ಇದ್ದವು. ಅಜ್ಜಿಯ ಜೊತೆ ಅವರ ಭಾಷೆಯಲ್ಲಿ ಮಾತಾಡಬೇಕೆಂದು ಕೇಳಿದ್ದೆ, ಅದು ನನಗೆ ಸಿಕ್ಕಿತು. ಅಜ್ಜಿ ತೀರಿಹೋಗುವವರೆಗೂ ಭಾನುವಾರ ತಪ್ಪದೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದೆವು. ಅಷ್ಟು ಸಂತೋಷ ಪಟ್ಟದ್ದಕ್ಕೂ ನನಗೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಈಗ ಇದನ್ನು ಬರೆಯುತ್ತಿರುವುದೂ ಕನ್ನಡದಲ್ಲಿ. ಗ್ಯಾರೇಜಿನಲ್ಲಿ ಕಲಿತದ್ದು ಬಿಡಿ ಅಕ್ಷರಗಳನ್ನು ಮಾತ್ರ. ಅವನ್ನು ಕೂಡಿಸಿ ಇಷ್ಟುದ್ದ ಬರೆಯಲು ಕಲಿತದ್ದು ಆ ಹಾಲಿನ ತಂಪಿನಲ್ಲಿ, ಡಾಟ್ ಆಂಟಿ ವರಾಂಡದಲ್ಲಿ ಸುಮ್ಮನೆ ಕೂತಿದ್ದ ಶನಿವಾರಗಳಲ್ಲಿ.